ಶುಚಿತ್ವಕ್ಕೆ ವಿಷವೇಕೆ?

ಕನ್ನಡ ವ್ಯಾಕರಣವನ್ನು ಓದಿದವರಿಗೆಲ್ಲ ಆದೇಶ ಸಂಧಿಯ ಪರಿಚಯವುಂಟು. ಮಳೆ, ಕಾಲ ಎಂಬ ಪದಗಳು ಕೂಡುವಾಗ ಕಕಾರವು ಹೋಗಿ, ಅದರ ಸ್ಥಾನದಲ್ಲಿ ಮೃದುವಾದ ಗಕಾರವು ಬಂದು ‘ಮಳೆಗಾಲ’ವಾಗುತ್ತದೆ. ಅಕ್ಷರ ಬದಲಾದರೂ ಅರ್ಥಕ್ಕೆ ಲೋಪವಿಲ್ಲ. ಅನೇಕ ವರ್ಷ ಈ ಪಾಠವನ್ನು ಹೇಳಿದ ನನಗೆ, ಇದು ಶಾಲೆಯ ಶೌಚಾಲಯಕ್ಕೂ ಸಲ್ಲುವ ಸೂತ್ರವೆಂಬ ಅರಿವು ಬಂದದ್ದು ಒಂದು ಅವಘಡದಿಂದ.

ಹಿಂದೆ ಬೇರೊಂದು ಊರಿನಲ್ಲಿ ನಾನು ಸೇವೆಯಲ್ಲಿದ್ದಾಗ, ಅಲ್ಲಿಯ ವಿದ್ಯಾರ್ಥಿನಿಲಯದ ಸ್ವಚ್ಛತೆಯನ್ನು ಒಬ್ಬ ವೃದ್ಧೆ ನೋಡಿಕೊಳ್ಳುತ್ತಿದ್ದರು. ಕಲೆ ಬೇಗ ಹೋಗಲೆಂದು ಒಂದು ದಿನ ಅವರು ಬ್ಲೀಚಿಂಗ್ ಪುಡಿ ಚೆಲ್ಲಿ, ಅದರ ಮೇಲೆಯೇ ಆಸಿಡ್ ಸುರಿದರು. ಕ್ಷಣಮಾತ್ರದಲ್ಲಿ ಘಾಟು ಎದ್ದು, ಕೆಮ್ಮುತ್ತ ಹೊರಬಂದವರು ಜಗುಲಿಯ ಮೇಲೆ ಕುಸಿದರು. ಆಸ್ಪತ್ರೆಯಿಂದ ಮರಳಿದ ಮೇಲೆ ವಿಚಾರಿಸಲು ಹೋದೆ. “ಡಬ್ಬಿ ಮ್ಯಾಲೆ ಏನ್ ಬರದೈತೋ ನನಗೇನ್ ಗೊತ್ತಾಗತೈತ್ರೀ ಗುರುಗಳೇ” ಎಂದರು. ಡಬ್ಬಿಯನ್ನು ತರಿಸಿ ನೋಡಿದೆ. ಬರಹವೆಲ್ಲ ಇಂಗ್ಲಿಷಿನಲ್ಲಿತ್ತು, ನನಗೂ ಅರ್ಥವಾಗಲಿಲ್ಲ. ವಿಜ್ಞಾನದ ಉಪಾಧ್ಯಾಯರನ್ನು ಕೇಳಿದಾಗ, ಅಲ್ಲಿ ಹುಟ್ಟಿದ್ದು ಕ್ಲೋರಿನ್ ಅನಿಲವೆಂದರು. 1915ರಲ್ಲಿ ಈಪ್ರ್ ಪಟ್ಟಣದ ಬಳಿ ಸೈನಿಕರ ಮೇಲೆ ಅಸ್ತ್ರವಾಗಿ ಬಿಟ್ಟದ್ದೂ ಇದನ್ನೇ. ಇದು ಗಾಳಿಗಿಂತ ಭಾರವಾದುದರಿಂದ ನೆಲಮಟ್ಟದಲ್ಲಿ ನಿಲ್ಲುತ್ತದೆ. ಕುಕ್ಕರುಗಾಲಿನಲ್ಲಿ ಕುಳಿತು ಉಜ್ಜುವವರ ಉಸಿರಿಗೇ ಮೊದಲು ಸೇರುತ್ತದೆ.

ಇಂಥ ಸಂದರ್ಭದಲ್ಲಿ ಕೈಗವಸು, ಮುಖವಸ್ತ್ರಗಳನ್ನು ಕೊಡಿಸಿ ನಾವು ಸಮಾಧಾನಪಡುತ್ತೇವೆ. ಅವು ಬೇಕು, ಆದರೆ ಬಲ್ಲವರು ಹೇಳುವ ಕ್ರಮದಲ್ಲಿ ಅವು ಕಡೆಯವು. ವಿಷವನ್ನೇ ತೊಲಗಿಸುವುದು ಮೊದಲನೆಯದು. ಸೌಮ್ಯವಾದುದನ್ನು ಅದರ ಸ್ಥಾನದಲ್ಲಿ ತರುವುದು ಎರಡನೆಯದು. ಇದಕ್ಕೆ ಬೆಂಕಿಕಡ್ಡಿಯ ಇತಿಹಾಸವೇ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದಲ್ಲಿ ಕಡ್ಡಿಗಳ ತುದಿಗೆ ಬಿಳಿಯ ರಂಜಕವನ್ನು ಹಚ್ಚುತ್ತಿದ್ದರು. ಅದರ ಆವಿಯಿಂದ ಕಾರ್ಮಿಕರ ದವಡೆಯ ಮೂಳೆಯೇ ಕೊಳೆಯುತ್ತಿತ್ತು. ನಿರಪಾಯಕರವಾದ ಕೆಂಪು ರಂಜಕದ ಕಡ್ಡಿ ತಿಳಿದಿದ್ದರೂ ಅಗ್ಗದ ಆಸೆಗೆ ಹಳೆಯದೇ ಬಹುಕಾಲ ನಡೆಯಿತು. ಕೊನೆಗೆ 1906ರ ಬರ್ನ್ ಒಪ್ಪಂದದಿಂದ ಹಲವು ರಾಷ್ಟ್ರಗಳು ಅದನ್ನು ನಿಷೇಧಿಸಿದವು. ಭಾರತದಲ್ಲಿ 1913ರಲ್ಲಿ ಶಾಸನವಾಯಿತು. ಬೆಂಕಿಕಡ್ಡಿ ಇಂದಿಗೂ ಉರಿಯುತ್ತದೆ, ದವಡೆ ಕೊಳೆಯುವುದು ಮಾತ್ರ ನಿಂತಿದೆ. ಆದೇಶವೆಂದರೆ ಇದೇ ಅಲ್ಲವೆ?

ಇನ್ನು ನಮ್ಮ ಶಾಲೆಗಳ ವಿಷಯ. ಶೌಚಾಲಯದ ಬಿಳಿಯ ಕರೆ ಬಹುಮಟ್ಟಿಗೆ ಗಡಸುನೀರಿನ ಸುಣ್ಣ. ಅದನ್ನು ಕರಗಿಸಲು ಹೈಡ್ರೋಕ್ಲೋರಿಕ್ ಆಮ್ಲದ ಉಗ್ರತೆ ಬೇಕಿಲ್ಲ. ನಿಂಬೆಯ ಹುಳಿಯೇ ಹರಳಾದ ಸಿಟ್ರಿಕ್ ಆಮ್ಲವನ್ನು ಬಿಸಿನೀರಿನಲ್ಲಿ ಕದಡಿ, ರಾತ್ರಿ ಹೊಯ್ದು, ಬೆಳಗ್ಗೆ ಉಜ್ಜಿದರೆ ಸಾಕು. ಒಂದು ಎಚ್ಚರಿಕೆಯನ್ನು ಮರೆಯಬಾರದು: ಯಾವ ಹುಳಿಯೂ ಬ್ಲೀಚಿಂಗ್ ಪುಡಿಯೊಡನೆ ಸೇರಕೂಡದು, ಸೌಮ್ಯವಾದ ಹುಳಿಯಿಂದಲೂ ಕ್ಲೋರಿನ್ ಏಳುತ್ತದೆ. ನಮ್ಮ ಹಳೆಯ ಕೊಠಡಿಗಳಿಗೆ ಹಾಸಿರುವ ಶಹಾಬಾದಿನ ಕಲ್ಲು ಸ್ವತಃ ಸುಣ್ಣಕಲ್ಲು. ಆಸಿಡ್ ಹಾಕಿದರೆ ಕೊಳೆಯ ಜತೆಗೆ ಕಲ್ಲೂ ಸವೆಯುತ್ತದೆ. ಅದಕ್ಕೆ ಸಾಬೂನಿನ ನೀರೇ ಸರಿ. ಮೋರಿ ಕಟ್ಟಿದಾಗ ಕಾಸ್ಟಿಕ್ ಸೋಡಾ ಸುರಿಯುವ ಬದಲು ತಂತಿ ಹಾಕಿ ಬಿಡಿಸುವುದು ಮೇಲು. ದಾಸೋಹದ ಮನೆಯ ಹಿತ್ತಾಳೆಗೆ ಹುಣಿಸೆಹಣ್ಣು, ಬೂದಿಗಳನ್ನು ಮೀರಿದ ಪುಡಿಯನ್ನು ನಾನು ಕಂಡಿಲ್ಲ.

ಗ್ರಂಥಾಲಯದ ಕಪಾಟಿನಲ್ಲಿ ನುಸಿಗುಳಿಗೆ ಇಡುವುದು ರೂಢಿ. ಆ ನ್ಯಾಫ್ತಲೀನಿನ ಆವಿ, ದಿನವಿಡೀ ಅಲ್ಲಿ ಕುಳಿತವರಿಗೆ ಹಿತವಲ್ಲ. ಮಾನವರಿಗೆ ಅರ್ಬುದಕಾರಕವಾಗಿರಬಹುದಾದ ವಸ್ತುಗಳ ಪಟ್ಟಿಯಲ್ಲಿ ಅದು ಸೇರಿದೆ. ತಾಡವೋಲೆಗಳನ್ನು ಕಾಪಾಡಿದ ಹಿರಿಯರು ಬಜೆಯ ಬೇರನ್ನೂ ಒಣಗಿದ ಬೇವಿನೆಲೆಯನ್ನೂ ಇಡುತ್ತಿದ್ದರು. ಆಗಾಗ ಬಿಚ್ಚಿ ಧೂಳು ಕೊಡಹಿ ಗಾಳಿಗೆ ಒಡ್ಡುತ್ತಿದ್ದರು. ಬಣ್ಣದ ವಿಷಯದಲ್ಲಿ, ಸೀಸವು 90 ಪಿಪಿಎಂ ಮೀರಬಾರದೆಂಬ ಕೇಂದ್ರ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಕೊಳ್ಳುವಾಗ ಡಬ್ಬಿಯನ್ನು ಓದಿ ನೋಡಬೇಕು. ಹಳೆಯ ಬಣ್ಣವನ್ನು ಒಣದಾಗಿ ಕೆರೆದರೆ ಅದರಲ್ಲಿರಬಹುದಾದ ಸೀಸ ಧೂಳಾಗಿ ಮಕ್ಕಳ ಉಸಿರಿಗೆ ಸೇರೀತು. ಒದ್ದೆ ಮಾಡಿಯೇ ಕೆರೆಯಬೇಕು.

ಎಲ್ಲವನ್ನೂ ತೊಲಗಿಸಲಾಗದೆಂಬುದನ್ನು ಬಲ್ಲೆ. ನೀರಿನ ತೊಟ್ಟಿಯ ಶುದ್ಧಿಗೆ ಬ್ಲೀಚಿಂಗ್ ಪುಡಿ ಬೇಕಾಗುತ್ತದೆ. ಅಂಥವನ್ನು ಪ್ರತ್ಯೇಕವಾಗಿ ಬೀಗದೊಳಗಿಟ್ಟು, ಮೇಲೆ ಕನ್ನಡದ ಚೀಟಿ ಅಂಟಿಸಿ, ಓದುಬಾರದವರಿಗೆ ಬಾಯಲ್ಲಿ ತಿಳಿಸೋಣ. ಆ ಚೀಟಿಗಳನ್ನು ಬರೆಯುವುದು ನಮ್ಮಂಥ ಭಾಷಾ ಉಪಾಧ್ಯಾಯರ ಕರ್ತವ್ಯ.

ದಾನಿಗಳಲ್ಲಿ ಒಂದು ವಿನಂತಿ. ಕೊಠಡಿಗೆ, ಕಮಾನಿಗೆ ಕೊಟ್ಟವರ ಹೆಸರು ಕಲ್ಲಿನ ಮೇಲೆ ನಿಲ್ಲುತ್ತದೆ. ಸಿಟ್ರಿಕ್ ಆಮ್ಲಕ್ಕೆ ಕೊಟ್ಟವರ ಹೆಸರನ್ನು ಯಾರೂ ಕೆತ್ತಿಸರು. ಆದರೂ ಉಗ್ರವಾದುದಕ್ಕೂ ಸೌಮ್ಯವಾದುದಕ್ಕೂ ನಡುವಿನ ಬೆಲೆಯ ಅಂತರವನ್ನು ಯಾರಾದರೂ ಭರಿಸಲೇಬೇಕು. ನಾವು ಭರಿಸದಿದ್ದರೆ, ಕೊಠಡಿಗಳನ್ನು ಬೆಳಗಿಸುವ ಆ ತಾಯಂದಿರು ತಮ್ಮ ಉಸಿರಿನಿಂದ ಅದನ್ನು ಭರಿಸುತ್ತಾರೆ.