ಮುಟ್ಟಿನ ನೋವು: ಚಾಪೆ ಹಾಸಬೇಕಾದದ್ದು ವಾರಗಳ ಮೊದಲೇ

ಮುಟ್ಟಿನ ಮೊದಲ ದಿನ ಮೊಣಕಾಲನ್ನು ಎದೆಗೆ ಅವುಚಿಕೊಂಡು ಹಾಸ್ಟೆಲ್ ಮಂಚದಲ್ಲಿ ಮುದುಡಿದ ಹುಡುಗಿಗೆ 'ಎದ್ದು ಪಿಲಾಟಿಸ್ ಮಾಡು' ಎನ್ನುವುದು ಕ್ರೌರ್ಯ. ಆ ಹೊತ್ತಿಗೆ ಅವಳಿಗೆ ಬೇಕಾದದ್ದು ಬಿಸಿನೀರಿನ ಚೀಲ, ವೈದ್ಯರು ಹೇಳಿದ ಮಾತ್ರೆ, ಸ್ವಲ್ಪ ನಿದ್ದೆ. ವ್ಯಾಯಾಮದ ಕೆಲಸವಿರುವುದು ತಿಂಗಳ ಉಳಿದ ದಿನಗಳಲ್ಲಿ.

ಈ ನೋವು ಮನಸ್ಸಿನ ದೌರ್ಬಲ್ಯವಲ್ಲ. ಗರ್ಭಕೋಶದ ಒಳಪದರ ಕಳಚುವಾಗ ಪ್ರೊಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕ ಉತ್ಪತ್ತಿಯಾಗುತ್ತದೆ. ಅದು ಹೆಚ್ಚಾದಷ್ಟೂ ಗರ್ಭಕೋಶದ ಸ್ನಾಯು ಬಿಗಿಯಾಗಿ ಹಿಂಡಿಕೊಳ್ಳುತ್ತದೆ. ಅಲ್ಲಿಗೆ ಹರಿಯುವ ರಕ್ತ ತಗ್ಗುತ್ತದೆ, ಆಮ್ಲಜನಕ ಸಾಲದೆ ಸ್ನಾಯು ನೋಯುತ್ತದೆ. ವಾಕರಿಕೆ, ಭೇದಿ, ತಲೆನೋವಿಗೂ ಇದೇ ಕಾರಣ. ಮೈನೆರೆದ ಹೊಸತರಲ್ಲಿ ಆರಾಮಾಗಿದ್ದವಳಿಗೆ ಆರು ತಿಂಗಳೋ ವರ್ಷವೋ ಕಳೆದ ಮೇಲೆ ನೋವು ಶುರುವಾಗುವುದುಂಟು. ಅಂಡೋತ್ಪತ್ತಿ ಕ್ರಮಕ್ಕೆ ಬರುವುದು ಆಗಲೇ. ಇಷ್ಟೆಲ್ಲ ತಿಳಿದ ಮೇಲೂ 'ಮದುವೆಯಾದರೆ ಸರಿಹೋಗುತ್ತೆ ಬಿಡು' ಎಂದು ಮಗಳ ಬಾಯಿ ಮುಚ್ಚಿಸುವುದು ತಪ್ಪು.

ಪಿಲಾಟಿಸ್ ಹುಟ್ಟಿದ್ದು ಈ ನೋವಿಗಾಗಿ ಅಲ್ಲ. 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಜೋಸೆಫ್ ಪಿಲಾಟಿಸ್, ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಬಂಧನ ಶಿಬಿರದಲ್ಲಿದ್ದಾಗ ಜೊತೆಗಿದ್ದವರಿಗೆ ಕಸರತ್ತು ಕಲಿಸಿದರು. 1926ರಲ್ಲಿ ನ್ಯೂಯಾರ್ಕಿಗೆ ಹೋದರು. ಅಲ್ಲಿ ಅವರು ಮತ್ತು ಸಂಗಾತಿ ಕ್ಲಾರಾ ನಡೆಸಿದ ಸ್ಟುಡಿಯೊಗೆ ನೃತ್ಯ ಕಲಾವಿದರು ಹುಡುಕಿಕೊಂಡು ಬಂದರು. ಹೊಟ್ಟೆ, ಸೊಂಟ, ಬೆನ್ನಿನ ಆಳದ ಸ್ನಾಯುಗಳನ್ನು ಉಸಿರಿನೊಂದಿಗೆ ಪಳಗಿಸುವುದು ಜೋಸೆಫ್ ಅವರ ಪದ್ಧತಿಯ ಜೀವಾಳ. ಮುಟ್ಟಿನಲ್ಲಿ ಹಿಡಿದುಕೊಳ್ಳುವುದೂ ಇದೇ ಭಾಗ.

ಒಂದನ್ನಾದರೂ ಸರಿಯಾಗಿ ಕಲಿಯುವುದಾದರೆ ಇದನ್ನು ಕಲಿಯಿರಿ. ಬೆನ್ನ ಮೇಲೆ ಮಲಗಿ ಮೊಣಕಾಲು ಮಡಚಿ, ಪಾದಗಳನ್ನು ನೆಲಕ್ಕೂರಿ. ಮೂಗಿನಿಂದ ಉಸಿರೆಳೆದುಕೊಳ್ಳುವಾಗ ಪಕ್ಕೆಲುಬುಗಳು ಎರಡೂ ಬದಿಗೆ ಹಿಗ್ಗಲಿ. ಉಸಿರು ಬಿಡುತ್ತಾ ಕೆಳಹೊಟ್ಟೆಯನ್ನು ಮೆಲ್ಲಗೆ ಒಳಗೆಳೆದು, ಸೊಂಟದ ಹಿಂಭಾಗವನ್ನು ನೆಲಕ್ಕೆ ಒತ್ತಿ. ಹಾಗೇ ಮುಂದುವರಿದು, ಬೆನ್ನುಮೂಳೆಯ ಒಂದೊಂದೇ ಮಣಿ ನೆಲ ಬಿಡುವಂತೆ ಸೊಂಟವನ್ನು ಮೇಲೆತ್ತಿ. ಇಳಿಯುವಾಗ ಮೊದಲು ಬೆನ್ನಿನ ಮೇಲ್ಭಾಗ, ಕೊನೆಗೆ ಸೊಂಟ. ಯೋಗ ಬಲ್ಲವರಿಗೆ ಸೇತುಬಂಧಾಸನ ನೆನಪಾಗಬಹುದು. ಆದರೆ ಇಲ್ಲಿ ಆ ಸ್ಥಿತಿಯಲ್ಲಿ ನಿಲ್ಲುವುದಿಲ್ಲ, ಉಸಿರಿನ ಜೊತೆ ಏಳುತ್ತಾ ಇಳಿಯುತ್ತಾ ಇರುವುದು. ಅಂಗೈ, ಮೊಣಕಾಲುಗಳನ್ನು ನೆಲಕ್ಕೂರಿ ನಿಂತು ಬೆನ್ನು ಬಾಗಿಸಿ ಏರಿಸುವುದು, ಕಾಲು ಚಾಚಿ ಕೂತು ಮುಂದೆ ಬಾಗುವುದು ಆಮೇಲೆ ಬರಲಿ. ಸ್ಪ್ರಿಂಗ್ ಹಾಕಿದ ಯಂತ್ರ, ಸಾವಿರಾರು ರೂಪಾಯಿ ಶುಲ್ಕ ಬೇಕಿಲ್ಲ. ನೆಲ, ಚಾಪೆ, ಮೊದಮೊದಲು ತಿದ್ದಲು ತಿಳಿದವರೊಬ್ಬರು, ಇಷ್ಟು ಸಾಕು.

ಫಲ ಸಿಗುತ್ತದೆಯೇ? ಕಾಕ್ರೇನ್ ಸಂಸ್ಥೆಯ 2019ರ ವಿಮರ್ಶೆ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ವಾರಕ್ಕೆ ಕನಿಷ್ಠ ಮೂರು ಬಾರಿ, ಪ್ರತಿ ಬಾರಿ 45ರಿಂದ 60 ನಿಮಿಷ ವ್ಯಾಯಾಮ ಮಾಡಿದವರಲ್ಲಿ ನೋವು, 100ರ ಅಳತೆಯಲ್ಲಿ ಸುಮಾರು 25ರಷ್ಟು ತಗ್ಗಬಹುದು ಎಂದಿತು. ಪುರಾವೆ ಇನ್ನೂ ಗಟ್ಟಿಯಾಗಬೇಕು ಎಂದೂ ಎಚ್ಚರಿಸಿತು. ಅಲ್ಲಿದ್ದದ್ದು ಬಗೆಬಗೆಯ ವ್ಯಾಯಾಮಗಳು. ಹಾಗಾಗಿ ಪಿಲಾಟಿಸ್‌ಗೆ ವಿಶೇಷ ಮಹಿಮೆ ಕಟ್ಟುವುದು ಬೇಡ. ನಡಿಗೆಯೋ ನೃತ್ಯವೋ ಇಷ್ಟವಾದರೆ ಅದನ್ನೇ ಮಾಡಿ. ನನಗೆ ಪಿಲಾಟಿಸ್ ಹಿಡಿಸುವುದು ಅದು ಚಿಕ್ಕ ಕೋಣೆಯಲ್ಲೂ ಮಾಡಬಹುದಾದದ್ದು ಎಂಬ ಕಾರಣಕ್ಕೆ.

ಮಾತ್ರೆಯನ್ನು ಹೀಗಳೆಯಬೇಡಿ. ಮೆಫೆನಾಮಿಕ್ ಆಮ್ಲ, ಐಬುಪ್ರೊಫೆನ್ ಪ್ರೊಸ್ಟಗ್ಲ್ಯಾಂಡಿನ್ ಉತ್ಪತ್ತಿಯನ್ನೇ ತಡೆಯುತ್ತವೆ. ಆದರೆ ಅಂಗಡಿಯವರನ್ನಲ್ಲ, ವೈದ್ಯರನ್ನು ಕೇಳಿ ತೆಗೆದುಕೊಳ್ಳಿ. ಮಾತ್ರೆಗೂ ಜಗ್ಗದ ನೋವು, ವರ್ಷದಿಂದ ವರ್ಷಕ್ಕೆ ಏರುವ ನೋವು, ಮುಟ್ಟಿಲ್ಲದ ದಿನಗಳಲ್ಲೂ ಕಾಡುವ ನೋವು, ವಿಪರೀತ ಸ್ರಾವ ಇದ್ದರೆ ಎಂಡೊಮೆಟ್ರಿಯೋಸಿಸ್‌ನಂಥ ಕಾಯಿಲೆ ಇರಬಹುದು. ಚಾಪೆ ಮಡಚಿಟ್ಟು ಸ್ತ್ರೀರೋಗ ತಜ್ಞರ ಬಳಿ ಹೋಗಬೇಕು. ನೋವು ಯಾವ ದಿನ ಬಂತು, ಎಷ್ಟು ಹೊತ್ತಿತ್ತು, ಎಷ್ಟು ಮಾತ್ರೆ ನುಂಗಿದೆ, ಎಷ್ಟು ತರಗತಿ ತಪ್ಪಿತು ಎಂದು ಮೂರು ತಿಂಗಳು ಬರೆದಿಟ್ಟು ಆ ಪುಸ್ತಕವನ್ನೂ ಒಯ್ಯಿರಿ. 'ಎಲ್ಲರಿಗೂ ಇದ್ದದ್ದೇ' ಎಂದು ಯಾರಾದರೂ ಅಂದರೆ ಅದನ್ನು ತೆರೆದು ಅವರ ಮುಂದಿಡಿ.