ಮೊದಲನೆಯ ಟೈಲು ಎಲ್ಲಿ?

ಬಚ್ಚಲುಮನೆಯ ಗೋಡೆಗೆ ಟೈಲು ಹಾಕಿಸುವವರು ಬಣ್ಣದ ಆಯ್ಕೆಗೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವುದುಂಟು. ಮೊದಲನೆಯ ಟೈಲು ಎಲ್ಲಿ ಕೂಡಬೇಕೆಂಬುದನ್ನು ಕುರಿತು ಐದು ನಿಮಿಷ ಯೋಚಿಸುವವರು ಮಾತ್ರ ವಿರಳ. ಯೋಚಿಸದವರ ಪೈಕಿ ನಾನೂ ಒಬ್ಬ.

ಮೈಸೂರಿನಲ್ಲಿರುವ ನಮ್ಮ ಮನೆ ತಂದೆಯವರು ಕಟ್ಟಿಸಿದ್ದು. ಹಂಡೆ, ಒಲೆಗಳಿದ್ದ ಬಚ್ಚಲಿನಲ್ಲಿ, ಮಗಳ ಹಠಕ್ಕೆ ಮಣಿದು, ಕಾಲು ಚಾಚಿ ಮಲಗುವಂಥ ಸ್ನಾನದ ತೊಟ್ಟಿಯೊಂದನ್ನು ಇಡಿಸಿದೆವು. ಅದರ ಹಿಂದಿನ ಗೋಡೆಗೆಂದು ತಿಳಿಹಸುರು ಟೈಲುಗಳು ಬಂದವು. “ಎಲ್ಲಿಂದ ಶುರು ಮಾಡಲಿ, ಸ್ವಾಮಿ?” ಎಂದು ಮೇಸ್ತ್ರಿ ಕೇಳಿದಾಗ ನಾನು ಕಚೇರಿಗೆ ಹೊರಡುವ ಆತುರದಲ್ಲಿದ್ದೆ. “ಬಾಗಿಲ ಕಡೆಯಿಂದ ಹಾಕಿಕೊಂಡು ಹೋಗಪ್ಪ” ಎಂದುಬಿಟ್ಟೆ.

ಸಂಜೆ ಬಂದು ನೋಡುತ್ತೇನೆ, ಆಚೆಯ ಮೂಲೆಯಲ್ಲಿ ಉದ್ದುದ್ದನೆಯ ಸೀಳೊಂದು ನಿಂತಿದೆ! ಬುಡದಲ್ಲಿ 11 ಸೆಂಟಿಮೀಟರು, ತುದಿಯಲ್ಲಿ 9. ಮೂಲೆ ಓರೆಯಾಗಿದ್ದುದನ್ನು ಅಷ್ಟು ವರ್ಷ ಯಾರೂ ಗಮನಿಸಿರಲಿಲ್ಲ. ಈಗ ಆ ಸೀಳು ಅದನ್ನು ಡಂಗುರ ಹೊಡೆದು ಸಾರುತ್ತಿತ್ತು. ತೊಟ್ಟಿಯಲ್ಲಿ ಒರಗಿದವರ ಕಣ್ಣು ಬೀಳುವುದೂ ಅಲ್ಲಿಗೇ. ಗಾರೆ ಹಿಡಿದ ಟೈಲನ್ನು ಒಡೆಯದೆ ಕೀಳಲಾಗದು. ತಪ್ಪು ಮೇಸ್ತ್ರಿಯದೆನ್ನೋಣವೆಂದರೆ ಅವನು ಕೇಳಿಯೇ ಹಾಕಿದ್ದ.

ಲೆಕ್ಕವೇನೂ ಕಠಿಣವಲ್ಲ. ನಮ್ಮ ಗೋಡೆಯ ಅಗಲ 162 ಸೆಂಟಿಮೀಟರು. ಟೈಲಿನ ಅಗಲ 30, ಎತ್ತರ 45. ನಡುವಣ ಸಂದು 2 ಮಿಲಿಮೀಟರು. ಒಂದು ಮೂಲೆಯಿಂದ ಹೊರಟರೆ ಐದು ಟೈಲು ಮುಗಿದು, ಉಳಿಯುವುದು ಆ ಸೀಳು. ಗೋಡೆಯ ನಟ್ಟನಡುವೆ ಒಂದು ಟೈಲನ್ನು ಕೂರಿಸಿ ಎರಡೂ ಕಡೆಗೆ ಹೊರಟರೆ ಇನ್ನೂ ಕೆಡುಕು: ಎರಡು ಮೂಲೆಗಳಲ್ಲೂ ಐದೈದು ಸೆಂಟಿಮೀಟರಿನ ಚೂರುಗಳು. ನಡುಗೆರೆಯ ಮೇಲೆ ಟೈಲಿನ ಬದಲು ಸಂದು ಬರುವಂತೆ ಮಾಡಿದರೋ, ನಾಲ್ಕು ಇಡೀ ಟೈಲುಗಳು, ಅತ್ತಿತ್ತ ಇಪ್ಪತ್ತು ಸೆಂಟಿಮೀಟರಿನ ಒಂದೊಂದು ತುಂಡು. ತುಂಡು ಅಷ್ಟು ಅಗಲವಾಗಿದ್ದರೆ ಮೂಲೆಯ ಓರೆಯೂ ಎದ್ದು ಕಾಣದು. ಸಾಮಾನ್ಯವಾಗಿ ಅಂಚಿನ ತುಂಡು ಅರ್ಧ ಟೈಲಿಗಿಂತ ಕಿರಿದಾಗದಂತೆ ನೋಡಿಕೊಂಡರೆ ಸಾಕು.

ಕಾಗದದ ಲೆಕ್ಕ ಬೇಡವೆನ್ನುವವರು ನೆಟ್ಟಗಿರುವ ಮರದ ರೀಪೊಂದರ ಮೇಲೆ ಟೈಲು, ಸಂದು, ಟೈಲು ಎಂದು ಪೆನ್ಸಿಲಿನಿಂದ ಗುರುತು ಹಾಕಿಕೊಂಡು ಅದನ್ನು ಗೋಡೆಗೆ ಹಿಡಿದು ಅತ್ತಿತ್ತ ಸರಿಸಿದರಾಯಿತು. ಕೊಳಾಯಿಯವನು ಗೋಡೆ ಕೊರೆಯುವ ಮುಂಚೆಯೇ ಇದನ್ನು ಮಾಡಿದರೆ ಒಳಿತು; ಆಗ ನಲ್ಲಿಗಳನ್ನು ಸಂದಿನ ಮೇಲೋ ಟೈಲಿನ ನಡುವೆಯೋ ಒಪ್ಪವಾಗಿ ಕೂರಿಸಬಹುದು.

ಎತ್ತರದ ವಿಷಯದಲ್ಲಿ ನಮ್ಮನ್ನು ಮೋಸಗೊಳಿಸುವುದು ತೊಟ್ಟಿಯ ಅಂಚು. ಅದು ಸಮತಟ್ಟಾಗಿದೆಯೆಂದು ನಂಬಿ ಅದರ ಮೇಲೆಯೇ ಸಾಲು ನಿಲ್ಲಿಸಿದರೆ, ಅಂಚು ತುಸು ವಾಲಿದ್ದರೂ ಸಾಲುಗಳೆಲ್ಲ ವಾಲುತ್ತವೆ. ಅಂಚು ಎಲ್ಲಿ ಅತಿ ತಗ್ಗಾಗಿದೆಯೋ ಅಲ್ಲಿಂದ, ಟೈಲಿನ ಎತ್ತರಕ್ಕಿಂತ ಒಂದು ಸೆಂಟಿಮೀಟರು ಕಡಿಮೆಯಾಗಿ, ಅಂದರೆ ನಮ್ಮಲ್ಲಿ 44ಕ್ಕೆ, ಗುರುತು ಮಾಡಿ, ರಸಮಟ್ಟ ಹಿಡಿದು ಅಡ್ಡಗೆರೆ ಎಳೆಯಬೇಕು. ಆ ಗೆರೆಗೆ ರೀಪು ಬಡಿದು, ಎರಡನೆಯ ಸಾಲನ್ನು ಮೊದಲು ಅದರ ಮೇಲೆ ನಿಲ್ಲಿಸಿ, ಗಾರೆ ಬಿಗಿದ ಮೇಲೆ ರೀಪನ್ನು ತೆಗೆದು, ಕೆಳಸಾಲನ್ನು ಅಳತೆಗೆ ಕತ್ತರಿಸಿ ಸೇರಿಸುವುದು. ಕತ್ತರಿಸಿದ ಅಂಚು ತೊಟ್ಟಿಯ ಬದಿಗೆ ಹೋಗುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ಇನ್ನು ನೀರು. ತೊಟ್ಟಿಗೂ ಟೈಲಿಗೂ ನಡುವಣ ಸಂದನ್ನು ಸಿಮೆಂಟಿನಿಂದ ತುಂಬುವ ರೂಢಿಯುಂಟು. ನೂರೈವತ್ತು ಲೀಟರು ನೀರೆಂದರೆ ನೂರೈವತ್ತು ಕಿಲೋ ಭಾರ. ಮೇಲೆ ಸ್ನಾನ ಮಾಡುವವರ ತೂಕ. ತೊಟ್ಟಿ ಕೂದಲೆಳೆಯಷ್ಟು ಕುಸಿದರೂ ಸಿಮೆಂಟು ಬಿರುಕು ಬಿಟ್ಟು, ನೀರು ಗೋಡೆಯೊಳಗೆ ಇಳಿಯುತ್ತದೆ. ಪಕ್ಕದ ಕೋಣೆಯ ಸುಣ್ಣ ಉದುರತೊಡಗಿದಾಗಲೇ ಅದು ತಿಳಿಯುವುದು. ಆ ಸಂದಿಗೆ ಹಿಗ್ಗಿ ಕುಗ್ಗುವ ಸಿಲಿಕೋನ್ ಮೇಣವೇ ಸರಿ. ಅದನ್ನು ಹಚ್ಚುವಾಗ ತೊಟ್ಟಿಯ ತುಂಬ ನೀರಿರಬೇಕು. ಮೇಣ ಗಟ್ಟಿಯಾಗುವ ತನಕ ಆ ನೀರನ್ನು ಬಿಡಬಾರದು.

ಇದೊಂದನ್ನು ಮಾತ್ರ ನಾವು ಮೊದಲ ಸಲವೇ ಸರಿಯಾಗಿ ಮಾಡಿದೆವು. ಸೀಳಿನ ಮೂಲೆಗೆ ನನ್ನ ಮನೆಯಾಕೆ ಪರದೆಯೊಂದನ್ನು ಇಳಿಬಿಟ್ಟಿದ್ದಾಳೆ. ಅದನ್ನು ಸರಿಸುವ ಅಧಿಕಾರ ಯಾರಿಗೂ ಇಲ್ಲ.