ಕಾರ್ಕಳ – ಮೂಡುಬಿದಿರೆ – ವೇಣೂರು: ಸೈಕಲ್ ಪ್ರವಾಸ ಮಾರ್ಗ

ಪಶ್ಚಿಮ ಘಟ್ಟದ ತಪ್ಪಲಿನ ಏರಿಳಿತದ ಪ್ರದೇಶದಲ್ಲಿರುವ ಮೂರು ಜೈನ ಕ್ಷೇತ್ರಗಳನ್ನು ಸುಮಾರು 40 ಕಿ.ಮೀ. ಉದ್ದದ ಈ ಮಾರ್ಗದಲ್ಲಿ ಸೈಕಲ್ ಮೂಲಕ ಸಂದರ್ಶಿಸಬಹುದಾಗಿದೆ. ಕಾರ್ಕಳದ ಬಂಡೆಗುಡ್ಡದ ಮೇಲೆ 1432ರಲ್ಲಿ ಪ್ರತಿಷ್ಠಾಪಿಸಲಾದ 42 ಅಡಿ ಎತ್ತರದ ಬಾಹುಬಲಿ ಮೂರ್ತಿಯೂ, ಸಮೀಪದ ದಿಬ್ಬದಲ್ಲಿ 1586ರ ಚತುರ್ಮುಖ ಬಸದಿಯೂ ಇವೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯು 1430ರ ಕಾಲದ್ದು. ಫಲ್ಗುಣಿ ನದಿಯ ದಡದ ವೇಣೂರಿನಲ್ಲಿ 1604ರ ಬಾಹುಬಲಿ ಮೂರ್ತಿಯಿದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರಿ ಮಳೆಯಿಂದ ಇಳಿಜಾರಿನ ತಿರುವುಗಳು ಜಾರುವುದರಿಂದ, ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿಯು ಪ್ರಯಾಣಕ್ಕೆ ಸೂಕ್ತವಾಗಿರುತ್ತದೆ. ಬಸ್ಸು, ಲಾರಿಗಳ ಸಂಚಾರವಿರುವ ಕಾರಣ ಸವಾರರು ಒಬ್ಬರ ಹಿಂದೊಬ್ಬರು ಸಾಗುವುದು ಹಾಗೂ ಹೊರಡುವ ಮುನ್ನ ಬ್ರೇಕ್ ಪರೀಕ್ಷಿಸುವುದು ಅವಶ್ಯ. ಬಸದಿಗಳು ಪೂಜಾಸ್ಥಳಗಳಾಗಿದ್ದು, ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಪ್ರವೇಶಿಸಲು ಕೋರಲಾಗಿದೆ.